ಅಕ್ಕನ ಸಂದೂಕ ಮತ್ತು ನನ್ನ ಹಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರಿಗೂ ಸ್ವಂತದ್ದು ಅಂತ ಒಂದು ಡಬ್ಬಿ ಕೂಡ ಇರಲಿಲ್ಲ. ಅವ್ವನ ಸೀರೆ, ಅಪ್ಪನ ಧೋತರ, ಅಕ್ಕನ ಲಂಗ, ನನ್ನ ಚಡ್ಡಿ ಎಲ್ಲವೂ ಒಂದೇ ಹಗ್ಗದ ಮೇಲೆ ಜೋತುಬಿದ್ದಿರುತ್ತಿದ್ದವು. ಈಗ ನೋಡಿ ಮಕ್ಕಳೇ, ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಕಪಾಟು, ಅದಕ್ಕೊಂದು ಬೀಗ, ಆ ಬೀಗದ ಕೈ ಎಲ್ಲಿ ಅಂತ ದಿನಾ ಬೆಳಿಗ್ಗೆ ಒಂದು ಜಗಳ. ನಮ್ಮಲ್ಲಿ ಜಗಳಕ್ಕೆ ಬೇರೆ ಕಾರಣಗಳಿದ್ದವು, ಮುಕ್ಕಾಲು ಪಾಲು ನಾನೇ ತೆಗೆದದ್ದು.

ಊರು ಘಾಟಬೋರಾಳ. ಮಣ್ಣಿನ ಮಾಳಿಗೆಯ ಮನೆ, ಮುಂದೆ ಒಂದು ಬೇವಿನ ಮರ, ಪಕ್ಕಕ್ಕೆ ದನದ ಕೊಟ್ಟಿಗೆ. ಅಪ್ಪನದು ಒಕ್ಕಲುತನ. ಅಕ್ಕ ನನಗಿಂತ ತುಂಬಾ ದೊಡ್ಡವಳು. ನನ್ನ ತಲೆ ಬಾಚುವುದು, ಮೂಗು ಒರೆಸುವುದು, ಸಾಲಿಗೆ ಹೋಗಲ್ಲ ಅಂದರೆ ರಟ್ಟೆ ಹಿಡಿದು ಎಳೆದೊಯ್ಯುವುದು ಎಲ್ಲ ಅವಳ ಕೆಲಸ. ನನ್ನ ಹಾಲುಹಲ್ಲುಗಳ ಉಸ್ತುವಾರಿಯೂ ಅವಳದ್ದೇ. ನಮ್ಮ ಕಡೆ ಹಲ್ಲು ಬಿದ್ದರೆ ಅದನ್ನು ಹಸಿ ಸೆಗಣಿಯಲ್ಲಿ ಉಂಡೆ ಕಟ್ಟಿ ಮಾಳಿಗೆಯ ಮೇಲೆ ಎಸೆಯಬೇಕು. ಎಸೆದರೆ ಹೊಸ ಹಲ್ಲು ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಎಸೆದರೆ ಉಂಡೆ ಗೋಡೆಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತಿತ್ತು. ಅಕ್ಕ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೇ ಬೀಸಿಗೆ ಮಾಳಿಗೆಯ ನಡುಮಧ್ಯಕ್ಕೆ ಮುಟ್ಟಿಸುತ್ತಿದ್ದಳು. ಹಾಗಾಗಿ ಹಲ್ಲು ಅಲುಗಾಡಲು ಶುರುವಾದರೆ ನಾನು ಮೊದಲು ಓಡುತ್ತಿದ್ದದ್ದು ಅವಳ ಹತ್ತಿರ.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಊರು ಹುಲಸೂರ. ನಮ್ಮೂರಿನಿಂದ ಹುಮನಾಬಾದಿಗೆ ಹೋಗಬೇಕು, ಅಲ್ಲಿ ಕಲ್ಯಾಣದ ಮೋಟಾರು ಹತ್ತಬೇಕು, ಕಲ್ಯಾಣದಲ್ಲಿ ಇಳಿದು ಮತ್ತೊಂದು ಮೋಟಾರು ಕಾಯಬೇಕು. ನನಗೆ ಅದು ದೇಶದ ಆ ತುದಿ. ಮದುವೆಗೆ ಪಾತ್ರೆ ಬಂತು, ಸೀರೆ ಬಂತು. ಮತ್ತೇನು ಬೇಕು ಅಂತ ಅಪ್ಪ ಕೇಳಿದಾಗ ಅಕ್ಕ, ಒಂದು ಸಣ್ಣ ಸಂದೂಕ ಬೇಕು ಅಂದಳು. ನಮ್ಮ ಕಡೆ ಪೆಟ್ಟಿಗೆಗೆ ಸಂದೂಕ ಅನ್ನುತ್ತಾರೆ. ಅವಳದು ಅಂತ ಇದ್ದ ನಾಲ್ಕು ಸಾಮಾನು ಗೋಡೆಯ ಗೂಡಿನಲ್ಲಿ ಇರುತ್ತಿದ್ದವು: ಆಡುವ ಕವಡೆ, ಒಡೆದ ಹಸಿರು ಬಳೆಯ ಚೂರು, ಅಪ್ಪನ ಹಳೆಯ ಅಂಗಿಯ ಹಿತ್ತಾಳೆ ಗುಂಡಿ. ಹೊಸ ಮನೆಯಲ್ಲಿ ಅವನ್ನು ಇಡಲು ಅವಳಿಗೆ ಒಂದು ಗೂಡು ಸಿಗುತ್ತದೋ ಇಲ್ಲವೋ, ಯಾರಿಗೆ ಗೊತ್ತಿತ್ತು.

ಬಡಿಗನಿಗೆ ಹೇಳಿ ಮಾಡಿಸಿದರಾಯಿತು ಅಂತ ಅವ್ವ ಅಂದಳು. ಅಪ್ಪ ಒಪ್ಪಲಿಲ್ಲ. ಬಡಿಗನಿಂದ ಗರಗಸ, ಉಳಿ, ಹಲಗೆ ಹೆರೆಯುವ ರಂದಾ ಮಾತ್ರ ಕೇಳಿ ತಂದ. ಅಟ್ಟದ ಮೇಲಿದ್ದ ಹಳೆಯ ಬೇವಿನ ಹಲಗೆ ಇಳಿಸಿದ. ನಕ್ಷೆ ಅಕ್ಕನದು. ಇದ್ದಲಿ ಹಿಡಿದು ಅಂಗಳದ ಕಲ್ಲಿನ ಮೇಲೆ ಬರೆದಳು. ಉದ್ದ ಅವಳದೊಂದು ಗೇಣು, ಎತ್ತರ ನಾಲ್ಕು ಬೆರಳು. ಬೀಗ ಬೇಡ, ಕೀಲು ಬೇಡ. ಮುಚ್ಚಳ ಪಕ್ಕಕ್ಕೆ ಜಾರಬೇಕು, ಜಾರಿಸಲು ಹೆಬ್ಬೆರಳು ಕೂರುವಷ್ಟು ತಗ್ಗು ಇರಬೇಕು. ಮೇಲೆ ಒಂದು ಜೋಳದ ತೆನೆ ಕೆತ್ತಬೇಕು.

ಬೆಳಗಿನ ತಂಪಿನಲ್ಲಿ ಬೇವಿನ ಮರದ ಕೆಳಗೆ ಕೂತು ಅಪ್ಪ ಹಲಗೆ ಕೊಯ್ದ. ನಾನು ಇನ್ನೊಂದು ತುದಿಯ ಮೇಲೆ ಕುಂಡಿ ಊರಿ ಕೂತು ಅಲುಗಾಡದಂತೆ ಹಿಡಿದಿದ್ದೆ. ರಂದಾ ಎಳೆದಾಗ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತಿತ್ತು, ಅದನ್ನು ಮೂಗಿಗೆ ಹಿಡಿದರೆ ಕಹಿ ವಾಸನೆ. ಮುಚ್ಚಳ ಜಾರಲು ಒಳಗೆ ಉದ್ದಕ್ಕೆ ಗೀರು ತೆಗೆಯಬೇಕಲ್ಲ, ಅದಕ್ಕೆ ಅಪ್ಪ ಸಾಲು ಅನ್ನುತ್ತಿದ್ದ. ಹೊಲದಲ್ಲಿ ಸಾಲು ಹೊಡೆಯುವಾಗಿನಷ್ಟೇ ಗಂಭೀರವಾಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕಬ್ಬಿಣದ ಮೊಳೆಗೆ ತುಕ್ಕು ಹಿಡಿಯುತ್ತದೆ ಅಂತ ಬಿದಿರಿನ ಮೊಳೆ ಹೆರೆದು ಬಡಿದ. ಕೊನೆಗೆ ಕುಸುಬಿ ಎಣ್ಣೆ ಹಚ್ಚಿ ತಿಕ್ಕಿದಾಗ ಹಲಗೆಗೆ ಬೆಲ್ಲದ ಬಣ್ಣ ಬಂತು. ಜೋಳದ ತೆನೆ ಮಾತ್ರ ಯಾಕೋ ಮೀನಿನ ಹಾಗೆ ಕಾಣುತ್ತಿತ್ತು. ನಾನು ಅದನ್ನು ಹೇಳಿ ತಲೆಯ ಮೇಲೆ ಒಂದು ಮೊಟಕು ತಿಂದೆ.

ಅಪ್ಪನಿಗೆ ಹೆಮ್ಮೆ ಇದ್ದದ್ದು ಮುಚ್ಚಳದ ಬಗ್ಗೆ. ನಡುವೆ ಒಂದು ಕೂದಲೆಳೆ ಹೋಗುವಷ್ಟೂ ಜಾಗ ಇರಲಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ, "ಗಾಳಿ ಸುದ್ದಾ ಒಳಗ ಹೋಗಂಗಿಲ್ಲ ನೋಡ್ರಿ" ಅನ್ನುತ್ತಿದ್ದ. ಒಕ್ಕಲಿಗನಿಗೆ ಕಟ್ಟಿಗೆ ಅಂದರೆ ಬಿಗಿಯಾಗಿರಬೇಕು. ಬೇಸಿಗೆಯಲ್ಲಿ ಬಂಡಿಯ ಗಾಲಿ ಒಣಗಿ ಲಟಲಟ ಅಂದರೆ ಅಪ್ಪ ಅದನ್ನು ಬಾವಿಯ ನೀರಿನಲ್ಲಿ ನಿಲ್ಲಿಸುತ್ತಿದ್ದ. ಕಟ್ಟಿಗೆ ನೀರು ಕುಡಿದು, ಉಬ್ಬಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಅದೇ ತಲೆಯಿಂದ ಅವನು ಸಂದೂಕವನ್ನೂ ಮಾಡಿದ್ದ. ಮಳೆ ಬಂದರೆ ಈ ಮುಚ್ಚಳದ ಗತಿ ಏನು ಅನ್ನುವುದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಅಕ್ಕ ಹೊರಡುವ ದಿನ ಬೆಳಿಗ್ಗೆಯೇ ನನ್ನ ಮುಂದಿನ ಹಲ್ಲು ಬಿತ್ತು. ಮನೆ ತುಂಬ ಜನ, ಅಕ್ಕನ ಸುತ್ತ ಹೆಂಗಸರು, ಹತ್ತಿರ ಹೋಗಲು ನನಗೆ ದಾರಿಯೇ ಇಲ್ಲ. ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆಚೆ ಈಚೆ ತಿರುಗಿದೆ. ಬೇರೆ ಯಾರಿಂದಲೂ ಎಸೆಯಿಸಲು ಮನಸ್ಸಾಗಲಿಲ್ಲ. ಕೊನೆಗೆ ಅವಳ ಗಂಟಿನ ಪಕ್ಕದಲ್ಲಿದ್ದ ಸಂದೂಕವನ್ನು ಒಂದು ಬೆರಳಿನಷ್ಟು ಸರಿಸಿ ಹಲ್ಲನ್ನು ಒಳಗೆ ಹಾಕಿ ಮುಚ್ಚಿಬಿಟ್ಟೆ. ಅಲ್ಲಿ ಹೋಗಿ ತೆಗೆದು ನೋಡುತ್ತಾಳೆ, ಹುಲಸೂರಿನ ಮಾಳಿಗೆಯ ಮೇಲೆ ಎಸೆಯುತ್ತಾಳೆ, ನನಗೆ ಹಲ್ಲು ಬರುತ್ತದೆ. ನನ್ನ ಲೆಕ್ಕ ಅಷ್ಟೇ. ಅವಳು ಮೋಟಾರು ಹತ್ತುವಾಗ ಅಳು ಬಂತು, ಬಾಯಿ ತೆರೆದರೆ ಹಲ್ಲಿಲ್ಲದ್ದು ಗೊತ್ತಾಗುತ್ತದೆ ಅಂತ ತುಟಿ ಬಿಗಿಹಿಡಿದು ಅತ್ತೆ.

ಮಳೆಗಾಲದ ಮೊದಲ ಮಳೆ, ಮಿರಗದ ಮಳೆ ಬಂತು, ಬಿತ್ತನೆ ಆಯಿತು, ಹೊಲ ಹಸಿರಾಯಿತು. ನನ್ನ ಬಾಯಿಯ ಕಿಂಡಿ ಮಾತ್ರ ಹಾಗೇ ಇತ್ತು. ಸಾಲಿಯಲ್ಲಿ ಹುಡುಗರು ಬೊಕ್ಕಬಾಯಿ ಅಂತ ಕರೆಯತೊಡಗಿದರು. ಅಕ್ಕ ಹಲ್ಲು ಎಸೆದಿಲ್ಲ ಅನ್ನುವುದು ನನಗೆ ಖಾತ್ರಿಯಾಯಿತು. ಅವಳಿಗೆ ನಾನು ಮರೆತೇ ಹೋಗಿದ್ದೇನೆ ಅಂದುಕೊಂಡೆ. ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳು ಬರುತ್ತಿತ್ತು.

ಪಂಚಮಿಗೆ ಅಪ್ಪ ಹೋಗಿ ಅಕ್ಕನನ್ನು ಕರೆತಂದ. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಒಳಗೆ ಶೇಂಗಾ ಉಂಡಿ ಕಟ್ಟುವ ಬೆಲ್ಲದ ಪಾಕದ ವಾಸನೆ. ಜಿಟಿಜಿಟಿ ಮಳೆಯಲ್ಲಿ ಎರೆಮಣ್ಣು ಮೆತ್ತಿದ ಕಾಲಿನಲ್ಲೇ ಅಕ್ಕ ಅಂಗಳಕ್ಕೆ ಬಂದಳು. ತುಸು ಸೊರಗಿದ್ದಳು. ಚೆನ್ನಾಗಿದ್ದೀಯಾ ಅಂತ ಕೇಳುವುದು ಬಿಟ್ಟು ನಾನು ಸಂದೂಕ ಎಲ್ಲಿ ಅಂತ ಕೇಳಿದೆ.

ಅವಳು ನಗುತ್ತಾ ಗಂಟು ಬಿಚ್ಚಿ ಅದನ್ನು ಅಪ್ಪನ ಮುಂದೆ ಇಟ್ಟಳು. ಮುಚ್ಚಳ ತೆರೆಯುತ್ತಿಲ್ಲ ಅಂದಳು. ಅಲ್ಲಿ ತುಂಬಿದ ಮನೆ. ಹೊಸ ಸೊಸೆಗೆ ಒಂದು ಗಳಿಗೆ ಒಬ್ಬಳೇ ಕೂರಲು ಪುರುಸೊತ್ತು ಸಿಗುವಷ್ಟರಲ್ಲಿ ಮಳೆ ಹಿಡಿದುಬಿಟ್ಟಿತ್ತಂತೆ. ಅವತ್ತಿನಿಂದ ಮುಚ್ಚಳ ಕದಲಿಲ್ಲ. ಅಪ್ಪ ಹೆಬ್ಬೆರಳು ಊರಿ ಒತ್ತಿದ. ಎಣ್ಣೆ ಬಿಟ್ಟ. ಒಲೆಯ ಹತ್ತಿರ ಇಡ್ರಿ ಅಂತ ಅವ್ವ ಹೇಳಿದ್ದಕ್ಕೆ ಇಟ್ಟು ನೋಡಿದ. ಏನೂ ಆಗಲಿಲ್ಲ. ಸಂದೂಕವನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟ. ಅಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಗಾಲಿಗಿ ಮಾಡಿದ್ದು ಸಂದೂಕಕ್ಕ ಮಾಡೀನಿ" ಅಂದ. "ಬಿಗಿ ಮಾಡೋದಷ್ಟೇ ಗೊತ್ತು ನನಗ."

ಎದ್ದು ಹೋಗಿ ಉಳಿ ತಂದ. ಮುಚ್ಚಳ ಸೀಳಿ ತೆಗೆಯುವುದು, ಸ್ವಲ್ಪ ಸಡಿಲಾಗಿ ಹೊಸದು ಮಾಡುವುದು ಅಂತ ಅವನ ವಿಚಾರ. ನನಗೆ ಆಗ ಹೊಳೆಯಿತು. ಹಾಗಾದರೆ ಅಕ್ಕ ಮರೆತಿಲ್ಲ, ಹಲ್ಲು ಒಳಗೇ ಇದೆ. ಒಂದು ಪೆಟ್ಟು ಹಾಕಿದರೆ ಸಾಕು, ಈಗಲೇ ಕೊಟ್ಟಿಗೆಗೆ ಓಡಿ ಸೆಗಣಿ ತರುತ್ತೇನೆ. ನಾನು ಎದ್ದು ನಿಂತೇಬಿಟ್ಟಿದ್ದೆ.

ಅಕ್ಕ ಸಂದೂಕದ ಮೇಲೆ ಅಂಗೈ ಇಟ್ಟಳು. "ಒಡೀಬ್ಯಾಡಪ್ಪಾ" ಅಂದಳು. ಆಮೇಲೆ ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದಳು. ಹುಲಸೂರಿನಲ್ಲಿ ಮನೆಯ ನೆನಪಾದಾಗಲೆಲ್ಲ ಹೀಗೆ ಕೇಳುತ್ತಿದ್ದೆ ಅಂತ ಹೇಳಿದಳು. ಗಲ್ ಅಂದರೆ ಬಳೆಚೂರು, ಟಕ್ ಅಂದರೆ ಕವಡೆ, ಸ್ವಲ್ಪ ಭಾರವಾಗಿ ಉರುಳಿದರೆ ಅಪ್ಪನ ಗುಂಡಿ. ಕಣ್ಣು ಮುಚ್ಚಿಕೊಂಡರೆ ಇದೇ ಅಂಗಳದಲ್ಲಿ ಕೂತ ಹಾಗೆ ಆಗುತ್ತಿತ್ತಂತೆ.

"ಇನ್ನೊಂದು ಸಪ್ಪಳ ಅದ" ಅಂದಳು. "ಭಾಳ ಸಣ್ಣದು. ನಾ ಇಟ್ಟಿದ್ದಲ್ಲ. ಏನದು ಅಂತ ಇಷ್ಟು ದಿನ ವಿಚಾರ ಮಾಡ್ಲಾಕತ್ತೀನಿ. ಅದನ್ನ ಕೇಳ್ಕೋತ ಕುಂತ್ರ ಅಳು ನಿಲ್ತದ."

ಹೇಳಿ ನನ್ನ ಕಡೆ ನೋಡಿದಳು. ನನಗೆ ಯಾವ ಮಾತೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಇಡೀ ಊರಿಗೇ ಗೊತ್ತಿತ್ತು. ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಕ್ಕ, "ತಮ್ಮಾ, ನಿನಗ ಗೊತ್ತಿದ್ರೂ ಹೇಳಬ್ಯಾಡ. ಅದು ನನಗಿರ್ಲಿ" ಅಂದಳು. ಅಪ್ಪನ ಕೈಯಲ್ಲಿ ಉಳಿ ಇನ್ನೂ ಇತ್ತು. ನಾನು ಹೇಳಿಬಿಟ್ಟರೆ ಹಲ್ಲು ಸಿಗುತ್ತಿತ್ತು. ನಾನು ಅವ್ವ ಕೊಟ್ಟ ಉಂಡಿಯನ್ನು ಬಾಯಿಗೆ ತುರುಕಿಕೊಂಡೆ. ಮುಂದಿನ ಹಲ್ಲಿಲ್ಲದೆ ಅದನ್ನು ಕಡಿಯಲು ಬರುತ್ತಿರಲಿಲ್ಲ, ಪಕ್ಕದ ದವಡೆಗೆ ಸರಿಸಿ ಅಗಿಯುತ್ತಾ ಕೂತೆ. ಬಾಯಿ ತುಂಬಿದ್ದರಿಂದ ಮಾತು ಹೊರಗೆ ಬರಲಿಲ್ಲ. ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡು ಗೆದ್ದದ್ದು ಅದೇ ಮೊದಲು.

ಅಪ್ಪ ಉಳಿ ಕೆಳಗಿಟ್ಟ. ಚಳಿಗಾಲ ಬರಲಿ, ಕಟ್ಟಿಗೆ ಒಣಗಿ ತಾನೇ ಬಿಡುತ್ತದೆ ಅಂದ. ಆ ಸಂಜೆ ಅಕ್ಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೋಕಾಲಿ ಆಡಿದಳು. ತೊಡೆಯ ಮೇಲೆ ಕೂರುವ ವಯಸ್ಸು ನನಗೆ ದಾಟಿತ್ತು, ಆದರೂ ಕೂತೆ.

ದೀಪಾವಳಿಗೆ ಅಕ್ಕ, ಭಾವ ಇಬ್ಬರೂ ಬಂದರು. ಮಳೆ ನಿಂತು, ಆಕಾಶ ತೊಳೆದಿಟ್ಟ ಹಾಗಿತ್ತು, ಬೆಳಿಗ್ಗೆ ತುಟಿ ಒಡೆಯುವಂಥ ಒಣಗಾಳಿ. ಮುಚ್ಚಳ ಹುಲಸೂರಿನಲ್ಲೇ ಸಡಿಲಾಗಿತ್ತಂತೆ. ಅಕ್ಕ ಮಾತ್ರ ತೆರೆಯದೆ, ಬಟ್ಟೆಯಲ್ಲಿ ಸುತ್ತಿ, ಎರಡು ಮೋಟಾರು ಬದಲಿಸಿ ಅದನ್ನು ನಮ್ಮ ಅಂಗಳಕ್ಕೇ ತಂದಿದ್ದಳು. ಹೆಬ್ಬೆರಳು ಇಟ್ಟು ಒತ್ತಿದಳು. ಕಿರ್ ಅಂತ ಜಾರಿತು. ಬೇವಿನ ಕಹಿ, ಕುಸುಬಿ ಎಣ್ಣೆಯ ಕಮಟು, ಎರಡೂ ಒಟ್ಟಿಗೆ ಮೇಲೆ ಬಂದವು. ಅವಳು ಬಳೆಚೂರು ಸರಿಸಿ, ಕವಡೆ ಸರಿಸಿ, ಮೂಲೆಯಿಂದ ಅದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಆಮೇಲೆ ನನ್ನ ಗಲ್ಲ ಹಿಡಿದು ಬಾಯಿ ತೆರೆಸಿದಳು. ಕಿಂಡಿಯಲ್ಲಿ ಹೊಸ ಹಲ್ಲು ಅರ್ಧ ಬಂದಿತ್ತು. ಯಾರೂ ಏನೂ ಎಸೆಯದೆ, ತಾನೇ ಬಂದಿತ್ತು.

ಅಕ್ಕ ನಕ್ಕಳು. ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. "ಹೊಸದು ಬಂದದಲ್ಲಾ, ಇನ್ನ ಇದನ್ನ ಯಾಕ ಒಗೀಲಿ" ಅಂದು ಹಲ್ಲನ್ನು ಮತ್ತೆ ಸಂದೂಕದೊಳಗೆ ಹಾಕಿದಳು. ಅಪ್ಪ ಮುಚ್ಚಳವನ್ನು ಒಂದು ಸಲ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡುತ್ತಿದ್ದ.

ಮಕ್ಕಳೇ, ಅಕ್ಕ ಈಗಿಲ್ಲ. ಅವಳ ಮಗಳು ಹುಲಸೂರಿನಿಂದ ಬಂದು ಆ ಸಂದೂಕವನ್ನು ನನ್ನ ಕೈಗೆ ಕೊಟ್ಟ ದಿನ ಅಜ್ಜ ಅಳುತ್ತಿದ್ದಾನೆ ಅಂತ ನೀವೆಲ್ಲ ಹೆದರಿದ್ದಿರಿ. ಈ ಬೇಸಿಗೆಯಲ್ಲಿ ನಿಮ್ಮೊಳಗಿನ ಸಣ್ಣವಳ ಹಲ್ಲು ಬಿತ್ತು. ಮೊದಲು ಅದರ ಫೋಟೊ ತೆಗೆದಿರಿ, ಫೋನಿನಲ್ಲಿ ಊರಿಗೆಲ್ಲ ಕಳಿಸಿದಿರಿ. ಆಮೇಲೆ ಹಲ್ಲನ್ನು ಏನು ಮಾಡುವುದು ಅಂತ ಯಾರಿಗೂ ತಿಳಿಯಲಿಲ್ಲ. ಹುಮನಾಬಾದಿನ ಈ ಮನೆಗೆ ಮಣ್ಣಿನ ಮಾಳಿಗೆ ಇಲ್ಲ, ಮೇಲೆ ಬಾಡಿಗೆಯವರಿದ್ದಾರೆ, ಅವರ ಮೇಲೆ ನೀರಿನ ಟಾಕಿ ಇದೆ. ಸೆಗಣಿ ಹುಡುಕಲು ಎರಡು ಗಲ್ಲಿ ದಾಟಬೇಕು. ಸಣ್ಣವಳು ಕಸದ ಬುಟ್ಟಿಯ ಮುಂದೆ ನಿಂತು ಮುಖ ಸಪ್ಪೆ ಮಾಡಿದಾಗ ನಾನು ಸಂದೂಕ ತಂದೆ. ಅವಳೇ ಮುಚ್ಚಳ ಜಾರಿಸಿ ಒಳಗೆ ಹಾಕಿದಳು.

ಈಗ ಮಳೆ ಹಿಡಿದಿದೆ, ಮುಚ್ಚಳ ಕೂತುಬಿಟ್ಟಿದೆ. ಬೆರಳು ತಾಗಿಸಿದರೆ ಎಲ್ಲವೂ ತೆರೆಯುವ ಮನೆಯಲ್ಲಿ ಇದೊಂದು ತೆರೆಯುವುದಿಲ್ಲ ಅಂತ ನಿಮಗೆ ಸಿಟ್ಟು. ಹೇರ್ ಡ್ರೈಯರ್ ಹಿಡಿದರೆ ಬಿಡುತ್ತದೆ ಅಂತ ಫೋನಿನಲ್ಲಿ ನೋಡಿಕೊಂಡು ಬಂದಿರಿ. ಬೇಡ. ದೀಪಾವಳಿಯವರೆಗೆ ಕಾಯೋಣ, ನಾನೂ ಕಾಯುತ್ತೇನೆ. ಸಣ್ಣವಳು ದಿನಾ ಸಾಲಿಯಿಂದ ಬಂದವಳೇ ಅದನ್ನು ಕಿವಿಗೆ ಹಿಡಿದು ಅಲುಗಾಡಿಸುತ್ತಾಳೆ. ನಿನ್ನೆ ನನ್ನ ಕಿವಿಗೂ ಹಿಡಿದಳು. ಗಲ್, ಟಕ್, ಅವುಗಳ ನಡುವೆ ಎರಡು ಸಣ್ಣ ಸಪ್ಪಳ. ಒಂದು ಅವಳ ಹಲ್ಲು, ಒಂದು ನನ್ನದು. ನನ್ನ ಬಾಯಿಯಲ್ಲಿರುವುದೆಲ್ಲ ಡಾಕ್ಟರು ಕೂರಿಸಿದ್ದು. ಸ್ವಂತದ್ದು ಅಂತ ನನಗೆ ಉಳಿದಿರುವ ಹಲ್ಲು ಈಗ ಅದೊಂದೇ.