ಥಾಯ್ಲೆಂಡಿನ ಬೀದಿಯಲ್ಲಿ ‘ನಮೋಸ್ತು’

ಸಂಜೆ ಆರಕ್ಕೆ ಸಂತೆ ಒಮ್ಮೆಲೇ ನಿಂತುಬಿಟ್ಟಿತು. ಬಾಳೆಹಣ್ಣು ತೂಗುತ್ತಿದ್ದವಳು ತಕ್ಕಡಿ ಕೆಳಗಿಟ್ಟಳು, ಸೈಕಲ್ಲಿನವನು ಇಳಿದು ನೆಟ್ಟಗೆ ನಿಂತ. ನಾನೊಬ್ಬಳೇ ಚೌಕಾಸಿ ಮಾಡುತ್ತಿದ್ದೆ! ಕಂಬದ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬರುತ್ತಿದೆಯೆಂದು ತಿಳಿದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು. ಥಾಯ್ಲೆಂಡಿನಲ್ಲಿ ದಿನಾ ಎರಡು ಹೊತ್ತು ಹೀಗೆ.

ನಾಲ್ಕು ವರ್ಷದ ಹಿಂದಿನ, ಎಂಬತ್ತರ ದಶಕದ ಕೊನೆಯ ಮಾತಿದು. ನಮ್ಮವರು ಊರಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕಾಯಿಸುತ್ತಿದ್ದರು. ಇಲ್ಲಿಯ ಕಾರ್ಖಾನೆ ಕರೆಸಿಕೊಂಡಿತು. ನಮ್ಮೂರು ಶಿರಗುಪ್ಪಿ ಬಿಡುವ ದಿನ ಅತ್ತೆ ಕೈ ಹಿಡಿದು, “ಹೊತ್ತು ಮುಳುಗಿದ ಮ್ಯಾಲೆ ಉಣಬ್ಯಾಡವಾ. ತಿರುಗಿ ಬಂದಾಗ ನಿನ್ನ ಕೈಲೆ ಒಮ್ಮೆ ಮುನಿಗಳಿಗೆ ಆಹಾರ ಆಗಬೇಕ ನೋಡು. ಅದೊಂದ ನನ್ನ ಆಸೆ” ಎಂದಿದ್ದರು. ನಮ್ಮ ಜೈನ ಮುನಿಗಳು ಉಣ್ಣುವುದು ದಿನಕ್ಕೊಮ್ಮೆ. ಮನೆಯವರು ಬಾಗಿಲಲ್ಲಿ ಕಲಶ ಹಿಡಿದು ನಿಂತು ‘ನಮೋಸ್ತು’ ಎಂದು ಕೂಗಿ ಕರೆದರಷ್ಟೇ ನಿಲ್ಲುತ್ತಾರೆ.

ಇಲ್ಲಿಯೂ ಕಬ್ಬು ಕಂಡು ಹೋದ ಜೀವ ಬಂದಂತಾಯಿತು. ನಮ್ಮಲ್ಲಿ ಚಕ್ಕಡಿಗಳ ಸಾಲು, ಇಲ್ಲಿ ಹತ್ತು ಗಾಲಿಯ ಲಾರಿಗಳದು. ಅಕ್ಕಿ, ರಬ್ಬರು, ಸಕ್ಕರೆ ಹಡಗು ಹತ್ತಿ ಹೋಗುತ್ತವೆ. ಅಂಗಡಿ ಗಲ್ಲಾದ ಮೇಲೆ ಕೂತ ಹೆಂಗಸರ ಠೀವಿ ನೋಡಬೇಕು, ನಿಪ್ಪಾಣಿ ಪೇಟೆಯ ಸಾಹುಕಾರರೂ ನಾಚಬೇಕು! ಚುನಾವಣೆ, ಸಂಸತ್ತು, ಪ್ರಧಾನಿ ಎಲ್ಲ ಉಂಟು. ನಡುನಡುವೆ ಸೇನೆಯವರೂ ತಲೆ ಹಾಕುತ್ತಾರಂತೆ. ಯಾರು ಬಂದರೂ ಹೋದರೂ ಅಂಗಡಿಯ ಗೋಡೆಯ ಮೇಲಿನ ರಾಜರ ಪಟ ಮಾತ್ರ ಇಳಿಯುವುದಿಲ್ಲ.

ಧರ್ಮ ಬುದ್ಧನದು. ಇಲ್ಲಿಯ ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲವೆಂದು ಕೇಳಿದಾಗ, ಅಯ್ಯ, ಇವರು ನಮ್ಮವರೇ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮಡಿಯುಟ್ಟು, ಕಲಶ ಹಿಡಿದು, ಬೀದಿಯಲ್ಲಿ ಬರುತ್ತಿದ್ದ ಭಿಕ್ಷುವಿಗೆ ಅಡ್ಡ ನಿಂತು ಕೂಗಿದೆ: “ನಮೋಸ್ತು, ನಮೋಸ್ತು! ಅತ್ರ ತಿಷ್ಠ ತಿಷ್ಠ!” ಇಲ್ಲಿ ನಿಲ್ಲಿರಿ ಎಂದರ್ಥ. ಪಾಪ, ಅವರು ಗಾಬರಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದರು. ಪಕ್ಕದ ಮನೆಯ ನೋಯ್ ಎಂಬ ಹಿರಿಯಾಕೆ ಓಡಿಬಂದು, ಸೆರಗು ಜಗ್ಗಿ ನನ್ನನ್ನು ಮೊಣಕಾಲೂರಿ ಕೂರಿಸಿದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಬಾಯಿ ಮುಚ್ಚಿ ಭಿಕ್ಷಾಪಾತ್ರೆಗೆ ಅನ್ನ ಹಾಕಿದೆ. ಆಮೇಲೆ ಆಕೆ “ಮೈ ಪೆನ್ ರಾಯ್” ಎಂದು ನಕ್ಕಳು. ಏನೂ ಆಗಿಲ್ಲ ಬಿಡು ಅನ್ನುವುದಕ್ಕೆ ಇವರು ಹಾಗೆನ್ನುತ್ತಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಹಾಕದ ‘ಜೇ’ ಎಂಬ ಸಸ್ಯಾಹಾರದ ಅಂಗಡಿ ತೋರಿಸಿದವಳೂ ಆಕೆಯೇ. ಪುಣ್ಯಾತಗಿತ್ತಿ, ಆಕೆಯಿಂದ ನನ್ನ ವ್ರತ ಉಳಿಯಿತು.

ನಾಲ್ಕು ವರ್ಷ ದಿನಾ ಬೆಳಿಗ್ಗೆ ನೋಯ್ ಪಕ್ಕದಲ್ಲಿ ಸುಮ್ಮನೆ ಮೊಣಕಾಲೂರಿದೆ.

ಕಳೆದ ತಿಂಗಳು ರಜೆಗೆ ಊರಿಗೆ ಹೋಗಿದ್ದೆ. ಆಗಲೇ ಶಿರಗುಪ್ಪಿಗೆ ಮುನಿಗಳು ಬಂದರು. ಅತ್ತೆಗೆ ಈಗ ಉಸಿರು ಸಾಲದು. ಕರೆಯುವ ಕೆಲಸ ನನಗೇ ಬಿಟ್ಟು, ಹಿಂದೆ ನಿಂತಿದ್ದರು. ಮುನಿಗಳು ನಮ್ಮ ಬಾಗಿಲ ಎದುರಿಗೆ ಬಂದರು. ನಾನು ಕಲಶ ಹಿಡಿದವಳೇ ಮೊಣಕಾಲೂರಿದೆ, ಕಣ್ಣು ಮುಚ್ಚಿದೆ.

“ಕರಿ ಬೇ! ಹೊಂಟ್ರಲ್ಲ!” ಹಿಂದಿನಿಂದ ಅತ್ತೆ ಏದುಸಿರಲ್ಲೇ ಅಂದರು.

ಕಣ್ಣು ತೆರೆದಾಗ ಮುನಿಗಳು ಆಚೆಮನೆಯ ‘ನಮೋಸ್ತು’ವಿಗೆ ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಬಯ್ಯಲಿಲ್ಲ. ನನ್ನ ಕೈಯಿಂದ ಕಲಶ ತೆಗೆದುಕೊಂಡು ಮೆಲ್ಲಗೆ ಕೇಳಿದರು:

“ಅಲ್ಲೆ ಯಾರೂ ಕರೆಯಂಗಿಲ್ಲೇನವಾ?”

“ಇಲ್ರಿ ಅತ್ತಿ. ಅಲ್ಲೆ ಸುಮ್ನ ಕುಂತ್ರೂ ನಿಲ್ತಾರ್ರಿ.”