ಕೇಳದೆ ಹಾಕಿದ ಚಿತ್ರ

ಸೌದಿಯ ಅಲ್ ಅಹ್ಸಾದಲ್ಲಿದ್ದ ನಮ್ಮೂರಿನವರು ಅವಳನ್ನು ‘ಲೈಬ್ರರಿ ಮುಹ್ಸಿನಾ’ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚೆ ಮಂಗಳೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲವು ಕಾಲ ಕೆಲಸ ಮಾಡಿದ್ದಳು, ಅಷ್ಟೆ. ಆದರೆ ಆ ಚಾಳಿ ಅವಳನ್ನು ಬಿಟ್ಟಿರಲಿಲ್ಲ. ಹೊಫೂಫ್ ಪೇಟೆಯ ಪುಟ್ಟ ಫ್ಲಾಟಿನಲ್ಲಿ ಮೆಣಸು ಜೀರಿಗೆಯ ಡಬ್ಬಿಗಳಿಗೂ ಹೆಸರು ಬರೆದು ಅಂಟಿಸಿದ್ದಳು. ಗಂಡ ಮುಸ್ತಫಾ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿಯ ಯಜಮಾನನೇ ಅವನ ವೀಸಾಕ್ಕೆ ಹೊಣೆಯಾದ ಕಫೀಲ್. ಮಗಳು ಅಸೀಲಾ ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದಳು. ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಆಸರೆಯಲ್ಲಿ ಬಂದವಳಾದ್ದರಿಂದ ಮುಹ್ಸಿನಾ ಹೊರಗೆ ದುಡಿಯುವಂತಿರಲಿಲ್ಲ. ಆ ಕಾಲಕ್ಕೆ ಹೆಂಗಸರು ಅಲ್ಲಿ ಗಾಡಿ ಓಡಿಸುವಂತೆಯೂ ಇರಲಿಲ್ಲ. ಉಳಿದ ಹಗಲನ್ನೆಲ್ಲ ಅವಳು ಕನ್ನಡ ವಿಕಿಪೀಡಿಯಕ್ಕೆ ಕೊಟ್ಟಿದ್ದಳು.

ಆ ದಾರಿಗೆ ಎಳೆದವಳು ಉಷಾ. ಮೈಸೂರಿನವಳು. ಗಂಡ ವೆಂಕಟೇಶ್ ಅಲ್ ಖರ್ಜ್‌ನ ಡೈರಿಯೊಂದರಲ್ಲಿ ಎಂಜಿನಿಯರ್. ಮುಹ್ಸಿನಾಳೂ ಉಷಾಳೂ ಮುಖ ನೋಡಿದ್ದು ಒಂದೆರಡು ಸಲ ಮಾತ್ರ, ಉಳಿದದ್ದೆಲ್ಲ ಫೋನಿನಲ್ಲೇ. 2015ರಲ್ಲಿ ಒಂದು ದಿನ ಉಷಾ ಫೋನು ಮಾಡಿ, “ಮುಹ್ಸಿನಾ, ನಿಮ್ಮೂರಲ್ಲೇ ಒಂದು ಒಳ್ಳೇ ಕೆಲಸ ಇದೆ ಕಣ್ರೀ,” ಎಂದಳು.

ಅಬ್ದುಲ್ ಹಕೀಮ್ ಎಂಬ ನಿವೃತ್ತ ಮೇಷ್ಟ್ರು ತಮ್ಮ ಅಜ್ಜನ ಕಾಲದ ಮಣ್ಣಿನ ಮನೆಯನ್ನು ಮ್ಯೂಸಿಯಂ ಮಾಡಿಕೊಂಡಿದ್ದರು. ಕಾಫಿಯ ಹೂಜಿಗಳು, ಮರದ ಪೆಟ್ಟಿಗೆಗಳು, ಮದುವೆಯ ಉಡುಪುಗಳು, ಅಕ್ಕಪಕ್ಕದವರು ತಂದುಕೊಟ್ಟ ಹಳೆಯ ಫೋಟೋಗಳು. ಅವನ್ನೆಲ್ಲ ಪ್ರಪಂಚದ ಯಾರು ಬೇಕಾದರೂ ನೋಡುವ ಹಾಗೆ, ಯಾರು ಬೇಕಾದರೂ ಬಳಸುವ ಹಾಗೆ ಆನ್‌ಲೈನಿಗೆ ಏರಿಸಬೇಕೆಂಬುದು ಅವರ ಆಸೆ. ಸ್ವಯಂಸೇವಕರಲ್ಲಿ ಗಂಡಸರೇ ಇದ್ದರು; ಹೆಂಗಸರ ವಸ್ತುಗಳ ಬಗ್ಗೆ ಊರ ಹೆಂಗಸರನ್ನೇ ಕೇಳಿ ಬರೆಯಬಲ್ಲ, ಅರಬ್ಬಿ ಬಲ್ಲ ಒಬ್ಬ ಹೆಂಗಸು ಬೇಕಿತ್ತು. ಮದರಸಾದಲ್ಲಿ ಕಲಿತ ಅರಬ್ಬಿಯನ್ನು ನೆರೆಹೊರೆಯವರ ಜೊತೆ ಆಡಿ ಆಡಿ ಮುಹ್ಸಿನಾ ಹದ ಮಾಡಿಕೊಂಡಿದ್ದಳು.

ಶುಕ್ರವಾರಗಳಲ್ಲಿ ಮುಸ್ತಫಾ ಅವಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದ. ಮಣ್ಣಿನ ಗೋಡೆಯ ತಂಪಿನಲ್ಲಿ ಕೂತು ಒಂದೊಂದು ವಸ್ತುವಿಗೂ ಹೆಸರು, ಊರು, ಬಳಕೆ ಬರೆಯುವಾಗ ಅವಳಿಗೆ ತಾನು ಮತ್ತೆ ಯಾರೋ ಆದೆ ಅನಿಸುತ್ತಿತ್ತು. ಇಂಥವನ ಹೆಂಡತಿ, ಇಂಥವಳ ತಾಯಿ ಎಂಬುದರ ಆಚೆಗೆ.

ಅಲ್ಲಿನ ಹಳೆಯ ಪೆಟ್ಟಿಗೆಯೊಂದರಲ್ಲಿ ಒಂದು ದಿನ ಒಂದು ಫೋಟೋ ಸಿಕ್ಕಿತು. ಖರ್ಜೂರದ ಕೊಯ್ಲು. ತಲೆಯ ಮೇಲೆ ಬುಟ್ಟಿ ಹೊತ್ತ ಹತ್ತು ಹನ್ನೆರಡರ ಹುಡುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕ್ಯಾಮೆರಾದ ಕಡೆಗೇ ನೋಡುತ್ತಿದ್ದಾಳೆ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ತೋಟದ ಹೆಸರು ಬರೆದಿದ್ದರು. ಎಷ್ಟು ಚಂದದ ಫೋಟೋ! ಮುಹ್ಸಿನಾ ಅದನ್ನು ಸ್ಕ್ಯಾನ್ ಮಾಡಿ, ತೋಟ ಯಾವ ಮನೆತನದ್ದೆಂದು ವಿಚಾರಿಸಿ, ‘ಇಂಥ ಮನೆತನದ ಹುಡುಗಿ, ಕೊಯ್ಲಿನ ದಿನ’ ಎಂದು ಬರೆದು ವಿಕಿಪೀಡಿಯದ ಚಿತ್ರಸಂಗ್ರಹಕ್ಕೆ ತನ್ನ ಹೆಸರಿನಲ್ಲೇ ಏರಿಸಿದಳು. ಅಬ್ದುಲ್ ಹಕೀಮರೂ ನೋಡಿ ತಲೆಯಾಡಿಸಿದರು. ಅರವತ್ತು ವರ್ಷ ಹಿಂದಿನ ಮಾತು, ಯಾರಿರುತ್ತಾರೆ ಈಗ?

ಚಿತ್ರ ಹತ್ತಾರು ಕಡೆ ಹರಡಿತು. ಉಷಾ ಹಿಗ್ಗಿ ಹೀರೇಕಾಯಿಯಾದಳು. ಒಂದೆರಡು ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ಊಟಕ್ಕೆ ಬಂದ ಮುಸ್ತಫಾ ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತ.

“ಎಂತ ಹಾಕಿದ್ದು ನೀನು ಇಂಟರ್ನೆಟ್ಟಿಗೆ?”

“ಎಂತ ಆಯ್ತು?”

“ಒಬ್ಬ ಬಂದಿದ್ದ ಅಂಗಡಿಗೆ. ಅಹ್ಮದ್ ಅಂತ. ಆ ಹುಡುಗಿ ಉಂಟಲ್ಲ, ಬುಟ್ಟಿಯವಳು, ಅವನ ಅಜ್ಜಿಯಂತೆ. ನಮ್ಮ ಮನೆಯ ಹೆಂಗಸಿನ ಮುಖ ಊರಿಗೆಲ್ಲ ತೋರಿಸಲಿಕ್ಕೆ ನಿನ್ನ ಹೆಂಡತಿ ಯಾರು ಅಂತ ಗಿರಾಕಿಗಳ ಎದುರು ಕೇಳಿದ. ಕಫೀಲನ ಗುರ್ತದವ ಅವ.”

ಮುಹ್ಸಿನಾಳ ಕೈಯಲ್ಲಿದ್ದ ಸೌಟು ಸಾರಿನ ಮೇಲೆಯೇ ನಿಂತಿತು. “ಕಫೀಲ್ ಎಂತ ಹೇಳಿದ್ರು?”

“ಹೇಳುದು ಎಂತ! ಮುಂದಿನ ತಿಂಗಳು ಇಕಾಮಾ ರಿನ್ಯೂ ಮಾಡ್ಲಿಕ್ಕುಂಟು. ಮೊದಲು ಇದನ್ನು ಸರಿ ಮಾಡು, ಆಮೇಲೆ ನೋಡುವ ಅಂದ್ರು.” ಅವನ ಧ್ವನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. “ತೆಗ್ದು ಬಿಡು ಮಾರಾಯ್ತಿ. ಈಗ್ಲೇ ತೆಗಿ.”

ಅವಳು ಉಷಾಳಿಗೆ ಫೋನು ಹಚ್ಚಿದಳು. ಉಷಾ ಆ ಸಂಜೆಯೇ ಅಳಿಸುವ ಕೋರಿಕೆ ಹಾಕಿದಳು. ಆದರೆ ಹಾಕಿದಷ್ಟು ಸುಲಭದಲ್ಲಿ ತೆಗೆಯುವ ಜಾಗವಲ್ಲ ಅದು. ಯಾವುದೋ ದೇಶದಲ್ಲಿ ಕೂತ ಸ್ವಯಂಸೇವಕರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು. ಇಷ್ಟು ಹಳೆಯ ಚಿತ್ರದಲ್ಲಿ ತಪ್ಪೇನು? ಇತಿಹಾಸವನ್ನು ಯಾಕೆ ಅಳಿಸಬೇಕು? ಯಾರದೋ ಬೆದರಿಕೆಗೆ ಮಣಿಯುವುದೆ? ಮುಹ್ಸಿನಾ ಪ್ರತಿ ಸಲ ಫೋನು ತೆರೆದಾಗಲೂ ಚಿತ್ರ ಅಲ್ಲೇ ಇರುತ್ತಿತ್ತು. ಹುಡುಗಿ ನೇರ ಅವಳನ್ನೇ ನೋಡುತ್ತಿದ್ದಳು.

“ಅವರು ಹೇಳೋದ್ರಲ್ಲೂ ನ್ಯಾಯ ಇದೆಯಲ್ಲ ಮುಹ್ಸಿನಾ,” ಎಂದಳು ಉಷಾ. “ಮೊಮ್ಮಗನಿಗೆ ಕೋಪ ಬಂತು ಅಂತ ತೆಗೀತಾ ಹೋದ್ರೆ ನಾಳೆ ಏನೂ ಉಳಿಯಲ್ಲ. ಆ ಅಜ್ಜೀನೇ ಬೇಡ ಅಂದ್ರೆ ಅದು ಬೇರೆ ಮಾತು.”

ಅಜ್ಜಿ! ಆ ಗಡಿಬಿಡಿಯಲ್ಲಿ ಮುಹ್ಸಿನಾ ಅದನ್ನು ಯೋಚಿಸಿರಲೇ ಇಲ್ಲ. ಅವಳು ಅಬ್ದುಲ್ ಹಕೀಮರಿಗೆ ಫೋನು ಮಾಡಿದಳು. ಮೇಷ್ಟ್ರ ಪಾಡೂ ಚೆನ್ನಾಗಿರಲಿಲ್ಲ. ಮ್ಯೂಸಿಯಮ್ಮಿನ ಪರವಾನಗಿ ರದ್ದು ಮಾಡಿಸುತ್ತೇನೆಂದು ಅಹ್ಮದ್ ಅವರಿಗೂ ಹೇಳಿಹೋಗಿದ್ದ.

“ಉಸ್ತಾದ್, ಆ ಅಜ್ಜಿ ಬದುಕಿದ್ದಾರಾ?”

“ಇದ್ದಾರೆ. ಉಮ್ಮ್ ಸಾಲಿಹ್. ಇಲ್ಲೇ, ತೋಟದ ಪಕ್ಕದ ಹೊಸ ಮನೆಯಲ್ಲಿ.” ಮತ್ತೆ ಅವರೇ, “ನಾನು ಹೋಗಿ ಅವರ ಎದುರು ಕೂರುವ ಹಾಗಿಲ್ಲ, ಮಗಳೇ. ನಮ್ಮಲ್ಲಿ ಆ ಮನೆಯ ಒಳಗೆ ಕಾಲಿಡಬಲ್ಲವಳು ನೀನೊಬ್ಬಳೇ,” ಎಂದರು. ಅವರ ಹೆಂಡತಿಯ ಮೂಲಕ ಆ ಮನೆಯ ಸೊಸೆಗೆ ಮಾತು ಹೋಯಿತು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಬರಲಿ ಎಂದು ಉತ್ತರ ಬಂತು.

ಮುಸ್ತಫಾ ಒಪ್ಪಲಿಲ್ಲ. “ಹುಲಿಯ ಗುಹೆಗೆ ನೀನಾಗಿ ಹೋಗುದಾ? ಅವ ಮನೆಯಲ್ಲಿದ್ರೆ?”

“ಇಲ್ಲೇ ಕೂತ್ರೆ ಎಂತ ಆಗ್ತದೆ ಅಂತ ನಿಮಗೂ ಗೊತ್ತುಂಟಲ್ಲ.”

ಅವನು ಗಾಡಿಯ ಕೀ ಎತ್ತಿಕೊಂಡ. ಖರ್ಜೂರದ ತೋಟಗಳ ನಡುವಿನ ಕಿರುದಾರಿಯಲ್ಲಿ ಗಾಡಿ ನಿಂತಾಗ, “ಫೋನು ಕೈಯಲ್ಲೇ ಇಟ್ಕೊ. ನಾನು ಇಲ್ಲೇ ಇದ್ದೇನೆ,” ಎಂದ. ಬಾಗಿಲು ತಟ್ಟುವ ಮೊದಲು ಅವಳು ತಿರುಗಿ ನೋಡಿದಳು. ಗಾಡಿಯ ಇಂಜಿನ್ ಅವನು ಆರಿಸಿರಲಿಲ್ಲ.

ಹೆಂಗಸರ ಕೋಣೆಯಲ್ಲಿ ಉಮ್ಮ್ ಸಾಲಿಹ್ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ಸಣಕಲು ಜೀವ. ಕಣ್ಣು ಮಾತ್ರ ಅದೇ. ಬಿಸಿಲಿಲ್ಲದಿದ್ದರೂ ಹಾಗೆಯೇ ಕಿರಿದಾಗಿತ್ತು. ಸೊಸೆ ಕಾಫಿ ತಂದಿಟ್ಟಳು.

“ತೋರಿಸು,” ಎಂದರು ಅಜ್ಜಿ.

ಮುಹ್ಸಿನಾ ಮ್ಯೂಸಿಯಮ್ಮಿನಿಂದ ತಂದಿದ್ದ ಮೂಲ ಫೋಟೋವನ್ನು ಎರಡೂ ಕೈಯಲ್ಲಿ ಕೊಟ್ಟಳು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದರು. ಮೆಚ್ಚುಗೆಯೋ ಸಿಟ್ಟೋ ಮುಖದಲ್ಲಿ ತಿಳಿಯಲಿಲ್ಲ.

“ಫೋಟೋ ತೆಗೆದವನು ಹೊರಗಿನವನು. ಎಣ್ಣೆಯ ಕೆಲಸಕ್ಕೆ ಬಂದವನು. ಬುಟ್ಟಿ ಕೆಳಗಿಡುವಷ್ಟರಲ್ಲಿ ಟಕ್ ಅಂದಿತು. ಅದೇನೆಂದು ನನಗೆ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ಆ ಮೇಲೆ ನನ್ನನ್ನು ತೋಟಕ್ಕೆ ಬಿಡಲಿಲ್ಲ. ಅದೇ ನನ್ನ ಕೊನೆಯ ಕೊಯ್ಲು.” ಅವರು ಫೋಟೋವನ್ನು ಮಡಿಲಲ್ಲಿ ಮಗುಚಿ ಇಟ್ಟರು. “ಅವನೂ ಕೇಳಲಿಲ್ಲ. ನೀನೂ ಕೇಳಲಿಲ್ಲ.”

ಮುಹ್ಸಿನಾ ಏನೆಲ್ಲ ಯೋಚಿಸಿ ಬಂದಿದ್ದಳು! ಜ್ಞಾನ ಎಲ್ಲರದ್ದು, ಈ ಊರಿನ ಕತೆ ಪ್ರಪಂಚಕ್ಕೆ ತಿಳಿಯಬೇಕು, ನಿಮ್ಮ ಚಿತ್ರ ಎಷ್ಟು ಜನ ನೋಡಿದ್ದಾರೆ ಗೊತ್ತೇ ಎಂದೆಲ್ಲ. ಒಂದೂ ನಾಲಿಗೆಗೆ ಬರಲಿಲ್ಲ.

“ನೀವು ಇದ್ದೀರೆಂದು ಗೊತ್ತಿರಲಿಲ್ಲ, ಖಾಲಾ.”

“ಹುಡುಕಿದೆಯಾ?”

“ಇಲ್ಲ.”

“ನಿನಗೆ ಹೆಣ್ಣುಮಕ್ಕಳುಂಟೋ?”

“ಒಬ್ಬಳಿದ್ದಾಳೆ.”

“ಅವಳದ್ದು ಹಾಕುತ್ತೀಯಾ ಹೀಗೆ, ಯಾರು ಬೇಕಾದರೂ ತೆಗೆದುಕೊಳ್ಳಲಿ ಅಂತ?”

ಮುಹ್ಸಿನಾ ತಲೆ ತಗ್ಗಿಸಿದಳು. ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಅಸೀಲಾ ಹಾಡಿದ ವಿಡಿಯೋವನ್ನು ಯಾರೋ ಗ್ರೂಪಿಗೆ ಹಾಕಿದ್ದಕ್ಕೆ ತಾನೇ ಜಗಳವಾಡಿ ತೆಗೆಸಿದ್ದಳು.

ಅಷ್ಟರಲ್ಲಿ ಹೊರಬಾಗಿಲು ಧಡ್ಡೆಂದಿತು. ಪಡಸಾಲೆಯಲ್ಲಿ ಗಂಡಸಿನ ಹೆಜ್ಜೆ. ಸೊಸೆ ಓಡಿಹೋಗಿ ಕೋಣೆಯ ಬಾಗಿಲು ಎಳೆದುಕೊಂಡಳು. ಆಚೆಯಿಂದ ಅಹ್ಮದನ ಧ್ವನಿ, “ಅವಳನ್ನು ಯಾರು ಒಳಗೆ ಬಿಟ್ಟಿದ್ದು? ಗಂಡ ಹೊರಗೆ ಗಾಡಿಯಲ್ಲಿದ್ದಾನೆ. ಈಗಲೇ ಪೊಲೀಸರನ್ನು ಕರೆಯುತ್ತೇನೆ!”

ಗಾಡಿಯಲ್ಲಿದ್ದ ಮುಸ್ತಫಾನೇ ಮುಹ್ಸಿನಾಳ ಕಣ್ಣಿಗೆ ಕಟ್ಟಿದ. ಅವನು ಇಳಿದು ಮಾತಿಗೆ ನಿಂತರೆ? ಕೈ ಮೀರಿದರೆ? ನಾಳೆಯೇ ಗಂಟುಮೂಟೆ ಕಟ್ಟಬೇಕಾದೀತು.

“ಅಹ್ಮದ್,” ಎಂದರು ಅಜ್ಜಿ, ಕೂತಲ್ಲಿಂದಲೇ. ಕೂಗಲಿಲ್ಲ. ಆಚೆ ಸದ್ದು ನಿಂತಿತು. “ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಯಾರ ಫೋನಿನಲ್ಲಿ?”

ಅಜ್ಜಿಯೇ ಮುಂದುವರಿಸಿದರು.

“ನಿನ್ನ ತಂಗಿಯ ಫೋನಿನಲ್ಲಿ. ಅವಳಿಗೆ ಕಳಿಸಿದ್ದು ನೀನು. ನೋಡಿ, ನಮ್ಮ ಮರ್ಯಾದೆ ಹೋಯಿತು ಅಂತ ದಮ್ಮಾಮಿಗೆ ಕಳಿಸಿದೆ, ರಿಯಾದಿಗೆ ಕಳಿಸಿದೆ, ಹಫ್ರ್ ಅಲ್ ಬಾತಿನ್‌ನ ಮಾವನ ಮಕ್ಕಳಿಗೆಲ್ಲ ಕಳಿಸಿದೆ. ಕಳಿಸುವ ಮೊದಲು ನನ್ನನ್ನು ಕೇಳಿದೆಯಾ?”

“ಅಜ್ಜೀ, ನಾನು ನಿಮಗೋಸ್ಕರ...”

“ಮುಖ ನನ್ನದು. ಸಿಟ್ಟೂ ನನ್ನದೇ. ಅದನ್ನು ನಿನಗೆ ಕೊಟ್ಟವರು ಯಾರು? ಇಲ್ಲಿ ಬಂದು ಕೂತ ಈ ಹೆಣ್ಣಿನ ಗಂಡನ ಹೊಟ್ಟೆಗೆ ಹೊಡೆದರೆ ನನ್ನ ಚಿತ್ರ ವಾಪಸು ಬರುತ್ತದೆಯೇ? ಹೋಗು. ಬಿಸಿಲಲ್ಲಿ ಕೂತಿದ್ದಾನೆ, ನೀರು ಕೊಡು.”

ಹೆಜ್ಜೆಗಳು ದೂರವಾದವು. ನೀರು ಕೊಟ್ಟನೋ, ಏಟು ಕೊಟ್ಟನೋ? ಒಳಗೆ ಕೂತ ಮುಹ್ಸಿನಾಳಿಗೆ ಕಿವಿಯೇ ಕಣ್ಣಾಗಿತ್ತು. ಹೊರಗಿನಿಂದ ಯಾವ ಸದ್ದೂ ಬರಲಿಲ್ಲ. ಅಜ್ಜಿ ಅವಳ ಕಡೆ ತಿರುಗಿದರು.

“ಅದನ್ನು ತೆಗೆಸು. ನಾನು ಬೇಡ ಎಂದೆ ಎಂದು ಹೇಳು. ಮೊಮ್ಮಗ ಹೆದರಿಸಿದ ಎಂದಲ್ಲ.”

“ಎಲ್ಲ ಕಡೆಯಿಂದ ತೆಗೆಯಲು ನನ್ನಿಂದಾಗದು, ಖಾಲಾ. ಎಲ್ಲೆಲ್ಲಿಗೋ ಹೋಗಿಬಿಟ್ಟಿದೆ.” ಸುಳ್ಳು ಹೇಳಿ ಎದ್ದು ಬರಬಹುದಿತ್ತು. ಆಗಲಿಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಅಜ್ಜಿ ಸಮಾಧಾನ ಮಾಡಲಿಲ್ಲ. “ಆದಷ್ಟು ತೆಗೆಸು,” ಎಂದರು.

ಹೊರಗೆ ಬಂದಾಗ ಮುಸ್ತಫಾ ಗಾಡಿಯಿಂದ ಇಳಿದು ನಿಂತಿದ್ದ. ಕೈಯಲ್ಲಿ ನೀರಿನ ಬಾಟಲಿ, ಮುಚ್ಚಳ ತೆರೆದಿರಲಿಲ್ಲ. ಎದುರು ಅಹ್ಮದ್. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತೋಟದ ಕಡೆ ನೋಡುತ್ತಿದ್ದರು. ಅಹ್ಮದ್ ಅವಳನ್ನು ಕಂಡದ್ದೇ ಮುಖ ತಿರುಗಿಸಿ ಒಳಗೆ ಹೋದ.

“ಎಂತ ಹೇಳಿದ?” ಎಂದು ಕೇಳಿದಳು, ಗಾಡಿಯಲ್ಲಿ.

“ಎಂತದ್ದೂ ಇಲ್ಲ. ಬಾಟ್ಲಿ ಕೊಟ್ಟ, ನಿಂತ. ಹೊಡೀತಾನೆ ಅಂತ ಗ್ರಹಿಸಿದ್ದೆ ನಾನು.” ಗಾಡಿಯನ್ನು ಸ್ವಲ್ಪ ಮುಂದೆ ತಂದು ಬದಿಗೆ ನಿಲ್ಲಿಸಿ, ಇಬ್ಬರೂ ಆ ಒಂದೇ ಬಾಟಲಿಯ ನೀರು ಕುಡಿದರು.

ಚಿತ್ರದಲ್ಲಿರುವವರೇ ಬೇಡ ಎಂದಿದ್ದಾರೆ, ನಾನು ಎದುರು ಕೂತು ಕೇಳಿ ಬಂದಿದ್ದೇನೆ ಎಂದು ಮುಹ್ಸಿನಾ ಆ ಚರ್ಚೆಯಲ್ಲಿ ಬರೆದಳು. ಅಬ್ದುಲ್ ಹಕೀಮರು ಮ್ಯೂಸಿಯಮ್ಮಿನ ಪರವಾಗಿ ಅದನ್ನೇ ಬರೆದರು. ಆದರೂ ಒಬ್ಬಿಬ್ಬರು ವಾದ ಬಿಡಲಿಲ್ಲ. ಆ ದಿನಗಳಲ್ಲಿ ಮುಸ್ತಫಾ ಅಂಗಡಿಯಿಂದ ಬಂದ ಕೂಡಲೇ ಮೊದಲು ಕೇಳುತ್ತಿದ್ದ ಪ್ರಶ್ನೆ, “ಹೋಯ್ತಾ?” ಒಂದು ಬೆಳಿಗ್ಗೆ ಆ ಪುಟ ತೆರೆದರೆ ಚಿತ್ರ ಇರಲಿಲ್ಲ. ಅವಳು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಇಕಾಮಾ ರಿನ್ಯೂ ಆಯಿತು. ಕಫೀಲ್ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಅಹ್ಮದ್ ಏನಾದರೂ ಹೇಳಿದನೋ ಇಲ್ಲವೋ ಯಾರಿಗೂ ತಿಳಿಯದು.

ಮೇಷ್ಟ್ರು ಅಂದಿನಿಂದ ಒಂದು ಕಟ್ಟುಪಾಡು ಮಾಡಿದರು. ಮುಖವಿರುವ ಯಾವ ಫೋಟೋವೂ ಆ ಮನೆಯವರನ್ನು ಹುಡುಕಿ ಕೇಳದೆ ಹೊರಗೆ ಹೋಗಕೂಡದು. ಕೆಲಸ ಆಮೆಯ ನಡಿಗೆಯಾಯಿತು. ಕೆಲವು ಸ್ವಯಂಸೇವಕರು ಬೇಸತ್ತು ಬಿಟ್ಟರು. ಹುಡುಕುವ ಕೆಲಸ ಮುಹ್ಸಿನಾಳ ಪಾಲಿಗೆ ಬಂತು. ಫೋಟೋ ಹಿಡಿದು ಅವಳು ಮನೆ ಮನೆಯ ಬಾಗಿಲು ತಟ್ಟಿದಳು. ಕೆಲವರು ಬೈದು ಕಳಿಸಿದರು. ಕೆಲವರು ಸಂತೋಷದಿಂದ ಹೂಂ ಎಂದು ಇನ್ನೂ ನಾಲ್ಕು ಫೋಟೋ ಕೊಟ್ಟರು.

ಉಮ್ಮ್ ಸಾಲಿಹ್ ತಾವಾಗಿಯೇ ಒಮ್ಮೆ ಕರೆಸಿದರು. ತಮ್ಮ ಹೆಸರು ಬೇಡ, ಮುಖ ಬೇಡ. ಆದರೆ ಕೊಯ್ಲು ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳುತ್ತೇನೆ, ಬರೆದುಕೋ ಎಂದರು. ಯಾವ ಮರದ ಹಣ್ಣು ಮೊದಲು ಮಾಗುತ್ತದೆ, ಬುಗ್ಗೆಯ ನೀರನ್ನು ಯಾರ ತೋಟಕ್ಕೆ ಯಾವಾಗ ತಿರುಗಿಸುತ್ತಿದ್ದರು, ಹೆಂಗಸರು ಬುಟ್ಟಿ ಹೊರುವಾಗ ಏನು ಹಾಡುತ್ತಿದ್ದರು. ಹಾಡನ್ನು ಅರ್ಧಕ್ಕೆ ನಿಲ್ಲಿಸಿ, “ಇದು ಸಾಕು. ಉಳಿದದ್ದು ನಮ್ಮದು,” ಎಂದು ಬಾಯಿ ಮುಚ್ಚಿಕೊಂಡರು. ಮುಹ್ಸಿನಾ ಅರ್ಧ ಹಾಡನ್ನೇ ಬರೆದು, ಅವರಿಗೆ ಓದಿ ಹೇಳಿ, ಅವರು ತಲೆದೂಗಿದ ಮೇಲೆ ಮ್ಯೂಸಿಯಮ್ಮಿನ ಪುಟಕ್ಕೆ ಕೊಟ್ಟಳು.

ಚಿತ್ರ ಪೂರ್ತಿ ಹೋಗಲಿಲ್ಲ. ಆಗೀಗ ಯಾವುದೋ ಪ್ರವಾಸದ ಜಾಲತಾಣದಲ್ಲಿ, ಯಾರದೋ ಖರ್ಜೂರದ ಜಾಹೀರಾತಿನಲ್ಲಿ ಬುಟ್ಟಿಯ ಹುಡುಗಿ ಕಾಣಿಸುತ್ತಾಳೆ. ಕಂಡಾಗೆಲ್ಲ ಮುಹ್ಸಿನಾ ಅವರಿಗೆ ಬರೆಯುತ್ತಾಳೆ. ಇವರು ಬೇಡ ಎಂದಿದ್ದಾರೆ, ದಯವಿಟ್ಟು ತೆಗೆಯಿರಿ. ಕೆಲವರು ತೆಗೆಯುತ್ತಾರೆ. ಕೆಲವರು ನೀನು ಯಾರು ಎಂದು ಕೇಳುತ್ತಾರೆ. ಅದನ್ನು ಮೊದಲು ಹಾಕಿದವಳು ನಾನೇ ಎಂದು ಅವಳು ಉತ್ತರಿಸುತ್ತಾಳೆ.