ಟಾಕಿಯ ಮುಚ್ಚಳಕ್ಕೆ ಹಚ್ಚಿದ ವಿಭೂತಿ

ಕಲಬುರ್ಗಿಯ ಬಜಾರದಲ್ಲಿ, ನೆರೆದ ಜನರ ಎದುರು, ನನ್ನ ಸೋದರಮಾವ ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯನ್ನು ಕಳ್ಳ ಎಂದ. ನಿಜಾಮರ ಆಳಿಕೆಯ ಕಾಲ. ನನಗಾಗ ಇಪ್ಪತ್ತೆರಡು ವರ್ಷ, ಪಕ್ಕದಲ್ಲೇ ನಿಂತಿದ್ದೆ. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಅದಕ್ಕೇ ನಿಧಾನವಾಗಿ, ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮಾವನ ಹತ್ತಿರ ಹಳೆಯದೊಂದು ವಿಲಾಯಿತಿ ಫಟಫಟಿ ಇತ್ತು. ಮೋಟರ್ ಸೈಕಲ್ಲಿಗೆ ನಮ್ಮ ಕಡೆ ಹಾಗೇ ಅನ್ನುತ್ತಿದ್ದರು. ಕಮಲಾಪುರದಲ್ಲಿ ಅವನಿಗೆ ಕೆಂಪು ಬಾಳೆಯ ತೋಟವಿತ್ತು, ವಾರಕ್ಕೆರಡು ಸಲ ಅದರ ಮೇಲೇ ಹೋಗಿಬರುತ್ತಿದ್ದ. ಆ ಬೇಸಿಗೆಯಲ್ಲಿ ಗಾಡಿ ಕೈಕೊಡತೊಡಗಿತು. ಊರೊಳಗೆ ಚೆನ್ನಾಗಿ ಓಡುವುದು. ಎಂಟೊಂಬತ್ತು ಮೈಲಿ ಆದಮೇಲೆ ಉಸಿರು ಕಟ್ಟಿದಂತೆ ಗೊಗ್ಗರಿಸುವುದು, ವೇಗ ಕೊಟ್ಟಷ್ಟೂ ಸೊರಗುವುದು, ಧಡ್ ಧಡ್ ಎಂದು ಸಿಡಿದು ನಿಲ್ಲುವುದು. ಮಾವ ಇಳಿದು ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲು ಇರುತ್ತಿತ್ತು. ಮುಚ್ಚಿ ಒದ್ದರೆ ಮತ್ತೆ ಓಡುತ್ತಿತ್ತು.

ಮಿಸ್ತ್ರಿ ಮೂರು ಸಲ ಬಿಚ್ಚಿದ. ಪ್ಲಗ್ ತಿಕ್ಕಿದ, ಕಿಡಿ ನೋಡಿದ, ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಊದಿ ಚೊಕ್ಕ ಮಾಡಿದ. ಅಂಗಡಿಯ ಮುಂದೆ ಸುತ್ತು ಹೊಡೆದರೆ ಏನೂ ದೋಷವಿಲ್ಲ. ಮೂರನೆಯ ಸಲ ಮಾವ ಬಜಾರವೆಲ್ಲ ಕೇಳುವಂತೆ ಕೂಗಾಡಿದ.

"ಖರೇ ಸಾಮಾನ ತಗದು ಖೋಟಾ ಹಾಕ್ಯಾನ ಈ ಚೋರ! ನಿನ್ನ ಅಂಗಡಿ ಮುಂದ ಓಡ್ತದ, ನನ್ನ ತೋಟಕ್ಕ ಓಡಂಗಿಲ್ಲ. ಗಾಡಿ ನಿನ್ನ ಸೊಸಿ ಏನಲೇ, ನಿನ್ನ ಮುಂದಷ್ಟೇ ಚಂದ ನಡೀಲಿಕ್ಕ?"

ನಾಲ್ಕು ಜನ ನಕ್ಕರು. ಮಿಸ್ತ್ರಿ ನಗಲಿಲ್ಲ.

"ನಾಳಿ ನಾನೇ ಕಮಲಾಪುರತನಕ ಹೊಡಕೊಂಡು ಬರ್ತೀನಿ ಸಾವಕಾರ್ರ. ನಂದು ತಪ್ಪಿದ್ರ ಅಮೀನನ ಕೈಯಾಗ ಕೊಡ್ರಿ."

ಪೊಲೀಸ್ ಠಾಣೆಯ ಅಮೀನ ಮಾವನ ಗೆಳೆಯ. ಅವನ ಕೈಗೆ ಸಿಕ್ಕವರು ನೆಟ್ಟಗೆ ನಡೆದು ಹೊರಬಂದದ್ದನ್ನು ನಾನು ನೋಡಿರಲಿಲ್ಲ. "ಹೋಗು. ನಮ್ಮ ಅಳಿಯ ಹಿಂದ ಕೂತು ಎಲ್ಲಾ ನೋಡ್ತಾನ," ಎಂದ ಮಾವ. ಮರುದಿನ ತಾನು ಬಸ್ಸಿನಲ್ಲಿ ಮುಂದೆ ಹೋದ.

ತಾಜಸುಲ್ತಾನಪುರದ ದಾರಿ ಹಿಂದೆ ಬಿತ್ತು. ಒಂಬತ್ತನೆಯ ಮೈಲಿಗಲ್ಲಿನ ಹತ್ತಿರ ಗಾಡಿ ಗೊಗ್ಗರಿಸಿ ಸಿಡಿಯಿತು. ಎದುರು ಬರುತ್ತಿದ್ದ ಎತ್ತುಗಳು ಬೆದರಿ ರಸ್ತೆ ಬಿಟ್ಟು ಇಳಿದವು.

"ಗಾಡಿ ಅದನೋ ತೋಪ್ ಅದನೋ ಯಪ್ಪಾ!" ಎಂದು ಬಂಡಿಯವನು ಬೈದ.

ಮಿಸ್ತ್ರಿ ಮೊದಲು ಪ್ಲಗ್ ಬಿಚ್ಚಿದ. ಒಣಗಿ ಬೆಳ್ಳಗಾಗಿತ್ತು. "ಪೆಟ್ರೋಲ್ ಇಳೀಲಕತ್ತಿಲ್ಲ," ಎಂದ. ಟಾಕಿಯ ಕೆಳಗಿನ ನಳಿಗೆ ಕಳಚಿದ. ನಾಲ್ಕು ಹನಿ ಬಿದ್ದು ನಿಂತಿತು. ಆಮೇಲೆ ಮುಚ್ಚಳವನ್ನು ಮೆಲ್ಲಗೆ ತಿರುವಿದ. ಸುಂಯ್ ಎಂದು ಗಾಳಿ ಒಳಗೆ ಹೋದದ್ದನ್ನು ನಾನೂ ಕೇಳಿದೆ. ನಳಿಗೆಯಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು.

ಮುಚ್ಚಳದ ಮೇಲೆ ವಿಭೂತಿ ಇತ್ತು. ಸೋಮವಾರಕ್ಕೊಮ್ಮೆ ಮಾವ ಸ್ನಾನ ಮಾಡಿ ಬಂದು, ಮುಚ್ಚಳವೇ ಗಾಡಿಯ ಹಣೆಯೆಂದು ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಿದ್ದ. ಪದರದ ಮೇಲೆ ಪದರ ಕೂತು ಗಾರೆಯಂತಾಗಿತ್ತು. ಅದರಡಿಯಲ್ಲಿ ಟಾಕಿಗೆ ಗಾಳಿ ಹೋಗುವ, ಸೂಜಿಮೊನೆಯಷ್ಟು ತೂತು ಮುಚ್ಚಿಹೋಗಿತ್ತು. ಗಾಳಿ ಒಳಗೆ ಬಾರದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಮುಚ್ಚಳ ತೆಗೆದಾಗ ಸಿಕ್ಕ ಗಾಳಿಯಲ್ಲಿ ಮತ್ತಷ್ಟು ದೂರ ಓಡುತ್ತಿತ್ತು.

"ಮೂರು ಸಲ ಎಲ್ಲಾ ತೊಳದೀನಿ," ಎಂದ ಮಿಸ್ತ್ರಿ. "ಇದೊಂದಕ್ಕ ಕೈ ಹಚ್ಚಲಿಲ್ಲ. ಪೂಜಿ ಆಗಿದ್ದು, ಒರಸಬಾರದು ಅಂತ."

ಜಾಲಿಯ ಮುಳ್ಳು ಮುರಿದು ತೂತು ಬಿಡಿಸಿದ. ಆಗಲೂ ಸುತ್ತಲಿನ ವಿಭೂತಿ ಕೆಡಿಸಲಿಲ್ಲ. ಅಲ್ಲಿಂದ ಕಮಲಾಪುರದವರೆಗೆ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ತೋಟದಲ್ಲಿ ಮಾವನೂ ಇಬ್ಬರು ಆಳುಗಳೂ ಇದ್ದರು. ಪ್ಲಗ್ಗು, ನಳಿಗೆ, ಗಾಳಿಯ ಸದ್ದು, ಮುಳ್ಳು, ಎಲ್ಲವನ್ನೂ ಕಂಡ ಕ್ರಮದಲ್ಲೇ ಹೇಳಿದೆ.

ಮಾವನ ಮುಖ ಕೆಂಪಾಯಿತು. "ಶಿವನ ವಿಭೂತಿಲಿಂದ ಗಾಡಿ ಕೆಡ್ತದಂತ? ನಾಲಿಗಿಗಿ ಹುಳ ಬೀಳ್ತಾವ!"

"ನಾನೂ ದಿನಾ ಹಚ್ಕೋತೀನ್ರಿ, ಹಣಿಗಿ," ಎಂದ ಮಿಸ್ತ್ರಿ. "ಮೂಗಿನ ಹೊಳ್ಳಿಗಿ ಹಚ್ಕೊಳಂಗಿಲ್ಲ."

ಆಳೊಬ್ಬ ನಕ್ಕು, ಕೆಮ್ಮಿದಂತೆ ಮಾಡಿದ. ಮಾವ ಗಾಡಿ ಒದ್ದು ಹತ್ತಿದ. ತಪ್ಪಾಯಿತು ಎನ್ನಲಿಲ್ಲ, ಮಿಸ್ತ್ರಿಯ ಮುಖ ನೋಡಲಿಲ್ಲ, ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಕಲಬುರ್ಗಿಗೆ ಹೋದ. ನಾವು ಬಾಳೆಗೊನೆಯ ಬಂಡಿಯಲ್ಲಿ ಮರಳಿದೆವು.

ದಾರಿಯಲ್ಲಿ ಮಿಸ್ತ್ರಿ ಹೇಳಿದ: "ಚೋರ ಅಂದಿದ್ದು ಬಜಾರದಾಗ, ತಮ್ಮಾ. ಅಲ್ಲ ಅಂತ ಗೊತ್ತಾಗಿದ್ದು ಬಾಳಿ ತೋಟದಾಗ. ನನ್ನ ಕಡಿ ಗಾಡಿ ತರೋರು ತೋಟದಾಗ ಇರ್ತಾರೇನು?"

ಮಾವ ಅವನನ್ನು ಅಮೀನನಿಗೆ ಒಪ್ಪಿಸಲಿಲ್ಲ. ಅದನ್ನೇ ದೊಡ್ಡ ಉಪಕಾರವೆಂಬಂತೆ ಮನೆಯಲ್ಲಿ ಹೇಳಿಕೊಂಡ. ಬಜಾರಕ್ಕೆ ಬಂದು ಒಂದು ಮಾತು ಹೇಳು ಎಂದು ಕೇಳಿದೆ. ಉಣ್ಣುತ್ತಿದ್ದವನು ಇನ್ನೊಂದು ರೊಟ್ಟಿ ಕೇಳಿದ. ಮರುದಿನ ನಾನೇ ಅಂಗಡಿ ಅಂಗಡಿಗೆ ಹೋಗಿ ನಡೆದದ್ದು ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಮೂರನೆಯ ಅಂಗಡಿಯವನು ತಕ್ಕಡಿ ಕೆಳಗಿಟ್ಟು, "ನೀ ಸಣ್ಣಾಂವ. ನಿಮ್ಮ ಮಾಮಾನ ಬಾಯಿಲೆ ಬರಲಿ," ಎಂದ.

ಮಾವನ ಬಾಯಿಂದ ಅದು ಬರಲಿಲ್ಲ. ದೀಪಾವಳಿಗೆ ಮೊದಲೇ ಮಿಸ್ತ್ರಿ ಅಂಗಡಿ ಮುಚ್ಚಿ ಊರು ಬಿಟ್ಟ.